ಮಾತು ಬಿಟ್ಟ ದೋಷ

ವೈರ್‌ಲೆಸ್ ಟಚ್‌ಪ್ಯಾಡ್ ಕೈಕೊಟ್ಟಾಗ ಲಿನಕ್ಸ್ ಕಂಪ್ಯೂಟರ್ ಏನನ್ನೂ ಹೇಳುವುದಿಲ್ಲ. ಬೆರಳು ಆಡುತ್ತಿರುತ್ತದೆ, ತೆರೆಯ ಮೇಲಿನ ಬಾಣ ಇದ್ದಲ್ಲೇ ಇರುತ್ತದೆ, ಮೂಲೆಯ ಗಡಿಯಾರ ಎಂದಿನಂತೆ ಓಡುತ್ತಿರುತ್ತದೆ. ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ಥಟ್ಟನೆ ಬಾಯಿಗೆ ಬರುವ ತೀರ್ಪು ‘ಲಿನಕ್ಸಿನಲ್ಲಿ ಇದಕ್ಕೆ ಸಪೋರ್ಟ್ ಇಲ್ಲ’ ಎಂಬುದು. ಮೂವತ್ತು ವರ್ಷಗಳ ಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ಈ ತೀರ್ಪು ನಿಲ್ಲುವುದಿಲ್ಲ. ಟಚ್‌ಪ್ಯಾಡ್‌ಗಳಿಗೆ ಲಿನಕ್ಸಿನಲ್ಲಿ ಈಗಿರುವಷ್ಟು ಒಳ್ಳೆಯ ಬೆಂಬಲ ಹಿಂದೆಂದೂ ಇರಲಿಲ್ಲ; ಸಿಕ್ಕಿಸಿದರೆ ಸಾಕು, ನಡೆಯುತ್ತದೆ. ಆದರೆ ಬೆಂಬಲ ಸುಧಾರಿಸಿದ ಒಂದೊಂದು ಹಂತದಲ್ಲೂ, ಕೆಟ್ಟಾಗ ಕೆಟ್ಟಿದೆಯೆಂದು ಹೇಳುವ ಒಂದೊಂದು ಜಾಗ ಮುಚ್ಚಿಹೋಯಿತು. ನಡೆಯುವ ಗುಣ ಬೇರೆ, ನಿಂತಾಗ ಕಾರಣ ತಿಳಿಸುವ ಗುಣ ಬೇರೆ. ಮೊದಲನೆಯದು ಬೆಳೆದರೆ ಎರಡನೆಯದೂ ತಾನಾಗಿ ಬೆಳೆಯುತ್ತದೆಂದು ನಾವು ನಂಬಿಕೊಂಡಿದ್ದೇವೆ. ನಡೆದದ್ದು ಅದಕ್ಕೆ ವಿರುದ್ಧ.

ಲೈನಸ್ ಟೋರ್ವಾಲ್ಡ್ಸ್ ಲಿನಕ್ಸಿನ ತಿರುಳಾದ ತನ್ನ ಕರ್ನಲ್‌ನ ಸುದ್ದಿಯನ್ನು ಹೊರಗೆ ತಿಳಿಸಿದ್ದು 1991ರ ಆಗಸ್ಟಿನಲ್ಲಿ. ಆಗ ಪಿಸಿಯ ಮೌಸ್ ಎಂದರೆ ಸೀರಿಯಲ್ ಪೋರ್ಟಿಗೋ, 1987ರಲ್ಲಿ ಐಬಿಎಂ ತಂದ ಪಿಎಸ್/2 ಎಂಬ ದುಂಡನೆಯ ಸಾಕೆಟ್ಟಿಗೋ ಸಿಕ್ಕಿಸುವ ಸಾಧನ. ಮೈಕ್ರೋಸಾಫ್ಟ್ ಬಗೆಯ ಸೀರಿಯಲ್ ಮೌಸ್ ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಮೂರು ಮೂರು ಬೈಟ್‌ಗಳ ಕಂತು ಕಳಿಸುತ್ತಿತ್ತು. ಮೌಸ್ ಸಿಸ್ಟಮ್ಸ್ ಬಗೆಯದ್ದು ಐದು ಬೈಟ್‌ಗಳ ಕಂತು. ಮೇಜಿನ ಮೇಲಿರುವುದು ಯಾವ ಬಗೆ, ಅದು ಯಾವ ಪೋರ್ಟಿನಲ್ಲಿದೆ ಎಂಬುದನ್ನು ಬಳಸುವವನೇ ಹೇಳಬೇಕಿತ್ತು. ಭಾರತದಲ್ಲಿ ಅನೇಕರು ಲಿನಕ್ಸನ್ನು ಮೊದಲು ಕಂಡದ್ದು 1996ರಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ. ಅದರಲ್ಲಿದ್ದ ಸ್ಲ್ಯಾಕ್‌ವೇರ್ ಎಂಬ ಲಿನಕ್ಸ್ ವಿತರಣೆ ಇನ್‌ಸ್ಟಾಲ್ ಆಗುವಾಗ ಮೌಸ್‌ನ ಬಗೆಗಳ ಉದ್ದನೆಯ ಪಟ್ಟಿಯೊಂದನ್ನು ತೆರೆಯ ಮೇಲಿಟ್ಟು, ನಿಮ್ಮದು ಯಾವುದು ಎಂದು ಕೇಳುತ್ತಿತ್ತು. ಚಿತ್ರಮಯ ತೆರೆಯನ್ನು ನಡೆಸುವ ಎಕ್ಸ್ ಸರ್ವರಿಗೆ ಇದೇ ಮಾಹಿತಿಯನ್ನು ಮತ್ತೊಮ್ಮೆ, ಅದರದ್ದೇ ಕಡತದಲ್ಲಿ ಬರೆದುಕೊಡಬೇಕಿತ್ತು.

ತಪ್ಪು ಬರೆದರೆ ಶಿಕ್ಷೆ ಆ ಕ್ಷಣದಲ್ಲೇ ಸಿಗುತ್ತಿತ್ತು. ಮೌಸ್ ತೆರೆಯಲಾಗಲಿಲ್ಲವೆಂದರೆ ಎಕ್ಸ್ ಸರ್ವರ್ ಶುರುವಾಗಲು ಒಪ್ಪುತ್ತಲೇ ಇರಲಿಲ್ಲ. ಮೌಸ್ ಸಿಗಲಿಲ್ಲ, ಅಂಥ ಕಡತವಿಲ್ಲ ಎಂದು ಕಪ್ಪು ತೆರೆಯ ಮೇಲೆ ಬರೆದು ನಿಂತುಬಿಡುತ್ತಿತ್ತು. ಪೋರ್ಟ್ ಸರಿಯಿದ್ದು ಬಗೆ ತಪ್ಪಿದ್ದರೆ ಬಾಣ ಹುಚ್ಚು ಹಿಡಿದಂತೆ ಮೂಲೆಗೆ ಹಾರಿ ಅಲ್ಲೇ ಅಂಟಿಕೊಳ್ಳುತ್ತಿತ್ತು. ಪಿಎಸ್/2 ಮೌಸ್‌ಗಳ ಕಾಲದಲ್ಲಿ ಕರ್ನಲ್ ತಾನೇ ದೂರುತ್ತಿತ್ತು: ಮೌಸ್‌ನೊಂದಿಗೆ ತಾಳ ತಪ್ಪಿದೆ, ಒಂದು ಬೈಟ್ ಎಸೆಯುತ್ತಿದ್ದೇನೆ ಎಂಬರ್ಥದ ಸಾಲು. ಎರಡು ಕಂಪ್ಯೂಟರಿಗೆ ಒಂದೇ ಕೀಬೋರ್ಡು, ಮೌಸ್ ಬಳಸಲು ಸ್ವಿಚ್ ಹಾಕಿಕೊಂಡವರಿಗೆಲ್ಲ ಆ ಸಾಲು ಬಾಯಿಪಾಠವಾಗಿತ್ತು. ಚಕ್ರವಿರುವ ಮೌಸ್ ನಾಲ್ಕು ಬೈಟ್‌ಗಳ ಕಂತು ಕಳಿಸುತ್ತಿತ್ತು. ಸ್ವಿಚ್ ತಿರುಗಿಸಿದಾಗ ಅದು ತನ್ನ ಮೂಲ ಸ್ಥಿತಿಗೆ ಮರಳಿ ಮೂರಕ್ಕೆ ಇಳಿಯುತ್ತಿತ್ತು. ಕರ್ನಲ್ ನಾಲ್ಕನೆಯದಕ್ಕೆ ಕಾಯುತ್ತಾ ಲೆಕ್ಕ ತಪ್ಪುತ್ತಿತ್ತು. ಡ್ರೈವರನ್ನು ಇಳಿಸಿ ಮತ್ತೆ ಏರಿಸಿದರೆ ಸರಿಹೋಗುತ್ತಿತ್ತು. ದೋಷದ ಹೆಸರೂ ಸ್ಥಳವೂ ಸಂದೇಶದಲ್ಲೇ ಇದ್ದುದರಿಂದ, ಕರ್ನಲ್‌ನ ಒಳಗುಟ್ಟು ತಿಳಿಯದವರೂ ರಿಪೇರಿ ಕಲಿತರು.

ಆ ಕಾಲ ಚೆನ್ನಾಗಿತ್ತು ಎಂದು ಇದರ ಅರ್ಥವಲ್ಲ. ಒಂದು ಮೌಸ್‌ಗಾಗಿ ಕಡತ ತಿದ್ದುತ್ತಾ ಸಂಜೆ ಕಳೆಯುವುದು ಯಾರಿಗೂ ಬೇಕಾದ ಭಾಗ್ಯವಲ್ಲ. ಕಡತ ತಿದ್ದಬಲ್ಲವರು ಮಾತ್ರ ಲಿನಕ್ಸ್ ಬಳಸುತ್ತಿದ್ದ ಕಾಲವದು; ಸುಧಾರಣೆ ಆಗಲೇಬೇಕಿತ್ತು. ಆಗಿನ ಎಕ್ಸ್ ಸರ್ವರಿನಲ್ಲೇ ಸುಧಾರಣೆಯ ಒಂದು ಸಣ್ಣ ಸುಳಿವಿದೆ: ಮೌಸ್ ಇಲ್ಲದಿದ್ದರೂ ಪರವಾಗಿಲ್ಲ, ಶುರುವಾಗು ಎಂದು ಅದಕ್ಕೆ ಹೇಳುವ ಒಂದು ಆಯ್ಕೆ. ಬೇಕಿದ್ದವರು ಅದನ್ನು ಕಡತದಲ್ಲಿ ಬರೆದುಕೊಳ್ಳಬೇಕಿತ್ತು, ಅಂದರೆ ದೋಷದ ಬಾಯಿ ಮುಚ್ಚಿಸುವುದು ಬಳಸುವವನ ಕೈಯಲ್ಲಿತ್ತು. ಮುಂದೆ ಅದೇ ನಡವಳಿಕೆ ಎಲ್ಲರಿಗೂ, ಯಾರೂ ಕೇಳದೆಯೇ ಬಂತು.

ಈ ನಡುವೆ ಟಚ್‌ಪ್ಯಾಡ್ ಬಂದಿತ್ತು. ಜಾರ್ಜ್ ಗರ್ಫೈಡ್ ರೂಪಿಸಿದ, ಬೆರಳಿನ ವಿದ್ಯುತ್ ಧಾರಣೆಯನ್ನು ಅಳೆಯುವ ಪಟ್ಟಿ ಸರ್ಕ್ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂತು. 1994ರಲ್ಲಿ ಆಪಲ್ ತನ್ನ ಪವರ್‌ಬುಕ್ 500 ಸಾಲಿನಲ್ಲಿ ಟ್ರ್ಯಾಕ್‌ಬಾಲ್ ತೆಗೆದು ಅಂಥದ್ದೇ ಪಟ್ಟಿ ಇಟ್ಟಿತು. ಫೆಡೆರಿಕೋ ಫ್ಯಾಜಿನ್ ಮತ್ತು ಕಾರ್ವರ್ ಮೀಡ್ 1986ರಲ್ಲಿ ಕಟ್ಟಿದ ಸಿನಾಪ್ಟಿಕ್ಸ್ ಬಹಳ ಬೇಗ ಈ ವ್ಯಾಪಾರದ ದೊಡ್ಡ ಹೆಸರಾಯಿತು. ಪಿಸಿಗಳಲ್ಲಿ ಈ ಟಚ್‌ಪ್ಯಾಡ್‌ಗಳೆಲ್ಲ ಪಿಎಸ್/2 ಮೌಸ್‌ನ ವೇಷ ತೊಟ್ಟೇ ಬಂದವು. ಡ್ರೈವರ್ ಇಲ್ಲದ ಯಂತ್ರದಲ್ಲೂ ಬಾಣ ಆಡಬೇಕು ಎಂಬ ಜಾಣ ಲೆಕ್ಕ ಅದು. ಬೆರಳು ಎಲ್ಲಿದೆ, ಎಷ್ಟು ಒತ್ತಿದೆ ಎಂಬ ನಿಜವಾದ ಅಂಕಿ ಬೇಕಾದರೆ ಡ್ರೈವರ್ ಒಂದು ಗುಪ್ತ ಸಂಜ್ಞೆ ಕಳಿಸಿ ವೇಷ ಕಳಚಿಸಬೇಕಿತ್ತು. ಸಿನಾಪ್ಟಿಕ್ಸ್ ಆ ಸಂಜ್ಞೆಗಳ ಕೈಪಿಡಿಯನ್ನು ಪ್ರಕಟಿಸಿತ್ತು, ಆದ್ದರಿಂದ ಸ್ಟೀಫನ್ ಗ್ಮೈನರ್, ಆಮೇಲೆ ಪೀಟರ್ ಓಸ್ಟರ್‌ಲುಂಡ್ ಲಿನಕ್ಸಿಗೆ ಡ್ರೈವರ್ ಬರೆಯಲು ಸಾಧ್ಯವಾಯಿತು. ಆಲ್ಪ್ಸ್ ಕಂಪನಿಯ ಟಚ್‌ಪ್ಯಾಡ್‌ಗಳಿಗೆ ಅಂಥ ಕೈಪಿಡಿ ಇರಲಿಲ್ಲ. ತಂತಿಯಲ್ಲಿ ಹರಿಯುವ ಬೈಟ್‌ಗಳನ್ನು ಕದ್ದು ನೋಡಿ, ಯಾವುದು ಏನೆಂದು ಊಹಿಸಿ ಕೋಡ್ ಬರೆಯಬೇಕಾಯಿತು. ಹೊಸ ಮಾದರಿಯನ್ನು ಡ್ರೈವರ್ ಗುರುತಿಸದಿದ್ದರೆ ವೇಷ ಹಾಗೆಯೇ ಉಳಿಯುತ್ತಿತ್ತು: ಬಾಣ ಆಡುತ್ತದೆ, ಎರಡು ಬೆರಳಿನ ಸ್ಕ್ರೋಲ್ ಇಲ್ಲ, ಸೆಟ್ಟಿಂಗ್ಸ್‌ನಲ್ಲಿ ಟಚ್‌ಪ್ಯಾಡ್ ಎಂಬ ವಿಭಾಗವೇ ಕಾಣುವುದಿಲ್ಲ. ಅರ್ಧ ನಡೆಯುವ ಸಾಧನದಲ್ಲಿ ದೋಷ ಹುಡುಕುವುದು ಪೂರ್ತಿ ಸತ್ತ ಸಾಧನದಲ್ಲಿ ಹುಡುಕುವುದಕ್ಕಿಂತ ಕಷ್ಟ. ಮೌನ ಶುರುವಾದದ್ದು ಇಲ್ಲಿಂದ.

ನಿರ್ಣಾಯಕ ತಿರುವು ಬಂದದ್ದು ಕಡತವೇ ಬೇಡ ಎಂದು ಹೊರಟಾಗ. ಸುಸೆ ಎಂಬ ಲಿನಕ್ಸ್ ಕಂಪನಿಯಲ್ಲಿದ್ದ ವೊಯ್ಟೆಕ್ ಪಾವ್ಲಿಕ್ ಕರ್ನಲ್‌ನೊಳಗೆ ಎಲ್ಲ ಮೌಸ್, ಕೀಬೋರ್ಡ್, ಜಾಯ್‌ಸ್ಟಿಕ್‌ಗಳಿಗೂ ಒಂದೇ ಭಾಷೆಯ ಇನ್‌ಪುಟ್ ವ್ಯವಸ್ಥೆ ಕಟ್ಟಿದರು. 2003ರ ಕೊನೆಗೆ ಬಂದ 2.6 ಕರ್ನಲ್‌ನಲ್ಲಿ ಎಲ್ಲ ಸಾಧನಗಳೂ ಅದರ ಮೂಲಕವೇ ಹಾದುಬರುವಂತಾಯಿತು. ಮೇಲಿನ ಪದರಕ್ಕೆ ಇನ್ನು ಬೈಟ್‌ಗಳ ಲೆಕ್ಕ ಬೇಡ. ‘ಅಡ್ಡಕ್ಕೆ ಇಷ್ಟು ಸರಿಯಿತು, ಈ ಗುಂಡಿ ಒತ್ತಿತು’ ಎಂಬ ಸಿದ್ಧ ಸುದ್ದಿ ಬರುತ್ತದೆ. 2007ರಲ್ಲಿ ಎಕ್ಸ್ ಸರ್ವರಿನ 1.4ನೇ ಆವೃತ್ತಿ, ಯಾವ ಸಾಧನ ಸೇರಿತು ಯಾವುದು ಹೋಯಿತು ಎಂಬುದನ್ನು ಹ್ಯಾಲ್ ಎಂಬ ಸೇವೆಯಿಂದ ತಿಳಿದುಕೊಳ್ಳಲು ಕಲಿಯಿತು. 2010ರಲ್ಲಿ ಆ ಕೆಲಸ ಯುಡೆವ್ ಎಂಬ ಇನ್ನೊಂದು ಸೇವೆಗೆ ವರ್ಗವಾಯಿತು. ಈ ಸರಣಿಯ ಮಧ್ಯದಲ್ಲಿ, 2008-09ರ ಸುಮಾರಿಗೆ, ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ ಎನ್ನುವಂಥದ್ದು ನಡೆಯಿತು. ಸಾಧನಗಳನ್ನು ತಾನೇ ಗುರುತಿಸುವ ಹೊಸ ಎಕ್ಸ್ ಸರ್ವರ್, ಹಳೆಯ ಕಡತದಲ್ಲಿ ಬರೆದಿದ್ದ ಮೌಸ್, ಕೀಬೋರ್ಡುಗಳನ್ನು ಕಡೆಗಣಿಸುತ್ತಿತ್ತು. ಜೊತೆಗೆ, ಒಂದೂ ಇನ್‌ಪುಟ್ ಸಾಧನ ಇಲ್ಲದಿದ್ದರೂ ಶುರುವಾಗಬಹುದೆಂದು ಅದಕ್ಕೆ ಈಗ ಹುಟ್ಟಿನಿಂದಲೇ ಅನುಮತಿ. ಅಪ್‌ಡೇಟ್ ಮಾಡಿದ ಯಂತ್ರದಲ್ಲಿ ಹ್ಯಾಲ್ ಸೇವೆ ಓಡುತ್ತಿಲ್ಲವೆಂದರೆ ಸುಂದರವಾದ ಲಾಗಿನ್ ತೆರೆ ಬರುತ್ತಿತ್ತು, ಬಾಣವೂ ನಡುವಿನಲ್ಲಿ ಕಾಣುತ್ತಿತ್ತು. ಮೌಸ್ ಆಡುತ್ತಿರಲಿಲ್ಲ, ಕೀಬೋರ್ಡೂ ಸತ್ತಿರುತ್ತಿತ್ತು. ಹತ್ತು ವರ್ಷ ಹಿಂದಿನ ಸರ್ವರ್ ಇದೇ ಸ್ಥಿತಿಯಲ್ಲಿ ಕಿರುಚಿ ನಿಲ್ಲುತ್ತಿತ್ತು. ಹೊಸದು ಏನೂ ಆಗಿಲ್ಲವೆಂಬಂತೆ ತೆರೆ ತೋರಿಸಿತು.

ಮೇಲಿನ ಪದರದಲ್ಲೂ ಇಂಥದ್ದೇ ಬದಲಾವಣೆ. ಹಳೆಯ ಸಿನಾಪ್ಟಿಕ್ಸ್ ಡ್ರೈವರಿನಲ್ಲಿ ಆಯ್ಕೆಗಳ ಸಂತೆಯೇ ಇತ್ತು. ಒಬ್ಬರ ಯಂತ್ರದಲ್ಲಿ ಸರಿಹೋದದ್ದು ಇನ್ನೊಬ್ಬರಲ್ಲಿ ಕೆಡುತ್ತಿತ್ತು, ಎಲ್ಲ ಜೋಡಣೆಗಳನ್ನೂ ಪರೀಕ್ಷಿಸುವುದು ಅಸಾಧ್ಯವಾಗಿತ್ತು. ಯೋನಾಸ್ ಓಡಾಲ್ ಆರಂಭಿಸಿ, ರೆಡ್ ಹ್ಯಾಟ್‌ನ ಪೀಟರ್ ಹಟರರ್ ಮುನ್ನಡೆಸಿದ ಲಿಬ್‌ಇನ್‌ಪುಟ್ ಆ ಸಂತೆಯನ್ನು ಎತ್ತಿಸಿತು. 2015ರಲ್ಲಿ ಬಂದ ಫೆಡೋರಾ 22 ಎಂಬ ಲಿನಕ್ಸ್ ವಿತರಣೆಯಲ್ಲಿ ಅದು ಎಲ್ಲರ ಪಾಲಿನ ಡ್ರೈವರ್ ಆಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದರ 1.0 ಆವೃತ್ತಿ ಬಂತು. ಟಚ್‌ಪ್ಯಾಡ್ ಬಳಸುವವರಿಗೆ ಇದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಧನ ಟಚ್‌ಪ್ಯಾಡೋ ಮೌಸೋ, ಒಳಗಿನದೋ ಹೊರಗಿನದೋ ಎಂಬ ತೀರ್ಮಾನಗಳನ್ನು ಈಗ ಲಿಬ್‌ಇನ್‌ಪುಟ್ ಮತ್ತು ಯುಡೆವ್ ನಮ್ಮನ್ನು ಕೇಳದೆ ಮಾಡುತ್ತವೆ. ಡೆಸ್ಕ್‌ಟಾಪ್ ಪರಿಸರಗಳೂ ತಮ್ಮದೊಂದು ತೀರ್ಮಾನ ಸೇರಿಸುತ್ತವೆ. ಗ್ನೋಮ್‌ನಲ್ಲಿ ಟಚ್‌ಪ್ಯಾಡನ್ನು ಆನ್-ಆಫ್ ಮಾಡುವ ಸೆಟ್ಟಿಂಗ್ ಎಲ್ಲ ಟಚ್‌ಪ್ಯಾಡ್‌ಗಳಿಗೂ ಸೇರಿ ಒಂದೇ. ಕೀಬೋರ್ಡಿನ ಮೇಲಿನ ಟಚ್‌ಪ್ಯಾಡ್ ಕೀಲಿಗೆ ಬೆರಳು ತಾಗಿದರೆ ಲ್ಯಾಪ್‌ಟಾಪಿನದ್ದಷ್ಟೇ ಅಲ್ಲ, ಮೇಜಿನ ಮೇಲಿನ ವೈರ್‌ಲೆಸ್ ಟಚ್‌ಪ್ಯಾಡ್ ಕೂಡ ಮಲಗುತ್ತದೆ. ಅದು ಕೆಟ್ಟಿಲ್ಲ, ಕೇಳಿದ್ದನ್ನೇ ಮಾಡಿದೆ.

ಈಗ ತಂತಿ ಇಲ್ಲದ ವಿಚಾರಕ್ಕೆ. ರೇಡಿಯೋ ಮೌಸ್ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಲಾಜಿಟೆಕ್ 1991ರಲ್ಲೇ ಒಂದನ್ನು ಮಾರುತ್ತಿತ್ತು. ಆದರೆ ನಮ್ಮ ಕಾಲದ ವೈರ್‌ಲೆಸ್ ಟಚ್‌ಪ್ಯಾಡ್‌ನ ಕಥೆ ಶುರುವಾಗುವುದು 2009ರಲ್ಲಿ, ಆ ಕಂಪನಿ ಯೂನಿಫೈಯಿಂಗ್ ಎಂಬ ರಿಸೀವರ್ ತಂದಾಗ. ಉಗುರಿನಷ್ಟು ದೊಡ್ಡದಾದ ಒಂದೇ ರಿಸೀವರಿಗೆ 2.4 ಗಿಗಾಹರ್ಟ್ಸ್ ತರಂಗದ ಮೂಲಕ ಆರು ಸಾಧನಗಳವರೆಗೆ ಸೇರಿಸಬಹುದು. ಮರುವರ್ಷ ಅದೇ ರಿಸೀವರಿಗೆ ಕೂಡುವ ವೈರ್‌ಲೆಸ್ ಟಚ್‌ಪ್ಯಾಡ್, 2012ರಲ್ಲಿ ಗಾಜಿನ ಮೇಲ್ಮೈಯ ಟಿ650 ಬಂದವು. ಈ ರಿಸೀವರ್ ಕಂಪ್ಯೂಟರಿಗೆ ಕಾಣಿಸಿಕೊಳ್ಳುವುದು ಒಂದು ಸಾಧಾರಣ ಯುಎಸ್‌ಬಿ ಕೀಬೋರ್ಡ್ ಮತ್ತು ಮೌಸ್ ಆಗಿ. ಅದಕ್ಕೆ ಯಾವ ಸಾಧನವೂ ಸೇರದಿದ್ದರೂ ಅದು ಕೀಬೋರ್ಡ್, ಮೌಸ್ ಎರಡೂ ಇವೆ ಎಂದೇ ಹೇಳುತ್ತದೆ. ಟಚ್‌ಪ್ಯಾಡಿನ ಬ್ಯಾಟರಿ ಖಾಲಿಯಾಗಿ ಡ್ರಾಯರಿನಲ್ಲಿ ಬಿದ್ದಿದ್ದರೂ ಯುಎಸ್‌ಬಿ ಪಟ್ಟಿಯಲ್ಲಿ ಎಲ್ಲ ಸರಿಯಿರುತ್ತದೆ. ಪಟ್ಟಿ ಸುಳ್ಳು ಹೇಳುತ್ತಿಲ್ಲ, ಅದು ರಿಸೀವರಿನ ಆರೋಗ್ಯವನ್ನಷ್ಟೇ ಹೇಳುತ್ತಿದೆ. ಓದುವವರು ಅದನ್ನು ಟಚ್‌ಪ್ಯಾಡಿನ ಆರೋಗ್ಯವೆಂದು ತಿಳಿಯುತ್ತಾರೆ.

ಈ ಕುರುಡುತನವನ್ನು ಸರಿಪಡಿಸಲು ಮುಂದೆ ಬಂದವರು ಲಾಜಿಟೆಕ್‌ನದೇ ಇಂಜಿನಿಯರ್ ನೆಸ್ಟರ್ ಲೋಪೆಜ್ ಕಾಸಾಡೊ. ಅವರು ಬರೆದ ಡ್ರೈವರ್ 2012ರ ಜನವರಿಯ 3.2 ಕರ್ನಲ್‌ನಲ್ಲಿ ಸೇರಿತು. ರಿಸೀವರಿನೊಳಗೆ ಇಣುಕಿ, ಅದಕ್ಕೆ ಸೇರಿರುವ ಒಂದೊಂದು ಸಾಧನವನ್ನೂ ಬೇರೆ ಬೇರೆಯಾಗಿ ತೋರಿಸುವುದು ಅದರ ಕೆಲಸ. ಅದರ ಮೇಲೆ ರೆಡ್ ಹ್ಯಾಟ್‌ನ ಬೆಂಜಮಿನ್ ಟಿಸ್ವಾರ್ ಇನ್ನೊಂದು ಡ್ರೈವರ್ ಕಟ್ಟಿದರು. 2015ರ ಫೆಬ್ರವರಿಯ 3.19ರಲ್ಲಿ ಬಂದ ಅದು ಲಾಜಿಟೆಕ್‌ನ ಒಳಭಾಷೆಯನ್ನೇ ಆಡಿ, ಟಚ್‌ಪ್ಯಾಡ್‌ಗೆ ಮೌಸ್ ವೇಷ ಬಿಡು, ಬೆರಳುಗಳ ಹಸಿ ಅಂಕಿ ಕೊಡು ಎಂದು ಆಜ್ಞೆ ಮಾಡುತ್ತದೆ. ಈ ಆಜ್ಞೆ ಟಚ್‌ಪ್ಯಾಡಿನ ನೆನಪಿನಲ್ಲಿ ಉಳಿಯುವಂಥದ್ದಲ್ಲ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಅದು ಮತ್ತೆ ಮೌಸ್ ವೇಷದಲ್ಲೇ ಏಳುತ್ತದೆ. ಸಂಪರ್ಕ ಮರಳಿತು ಎಂಬ ಸುದ್ದಿ ಬಂದ ಕೂಡಲೇ ಡ್ರೈವರ್ ಆಜ್ಞೆಯನ್ನು ಮತ್ತೆ ಕಳಿಸಬೇಕು. ಕಂಪ್ಯೂಟರ್ ಏಳುವಾಗ ಟಚ್‌ಪ್ಯಾಡ್ ನಿದ್ದೆಯಲ್ಲಿದ್ದರೆ ಮಾತಾಡಿಸಿ ಫಲವಿಲ್ಲ, ಆದ್ದರಿಂದ ಅದು ಏಳುವವರೆಗೆ ಸಿದ್ಧತೆಯನ್ನೇ ಮುಂದೂಡುವ ಏರ್ಪಾಡೂ ಕೋಡಿನಲ್ಲಿದೆ. ಇಷ್ಟು ನಾಜೂಕಾದ ಒಪ್ಪಂದದಲ್ಲಿ ಒಂದು ಸುದ್ದಿ ತಪ್ಪಿದರೆ ಸಾಕು, ಸ್ಕ್ರೋಲ್ ಬೇರೆ ರೀತಿ ಆಗುವುದೋ, ಟ್ಯಾಪ್ ನಿಲ್ಲುವುದೋ ಆಗುತ್ತದೆ. ಪೂರ್ತಿ ನಿಂತರೆ, ಡ್ರೈವರ್ ತಪ್ಪಿತೋ ರೇಡಿಯೋ ತಪ್ಪಿತೋ ಹೊರಗಿನಿಂದ ತಿಳಿಯದು.

ಬ್ಲೂಟೂತ್ ದಾರಿ ಹಿಡಿದವರದ್ದು ಇನ್ನೊಂದು ಬಗೆಯ ಮೌನ. ಲಿನಕ್ಸಿನ ಬ್ಲೂಟೂತ್ ವ್ಯವಸ್ಥೆಯಾದ ಬ್ಲೂಝೀ 2001ರಲ್ಲಿ ಕರ್ನಲ್ ಸೇರಿತ್ತು, ಆಪಲ್‌ನ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ 2010ರ ಜುಲೈನಲ್ಲಿ ಬಂತು, ಲಿನಕ್ಸ್ ಬೆಂಬಲ ಹೆಚ್ಚು ತಡವಾಗಲಿಲ್ಲ. ಪೇರಿಂಗ್ ಮಾಡಿದಾಗ ಎರಡು ಕಡೆಯೂ ಒಂದೇ ಗುಪ್ತ ಕೀಲಿಯನ್ನು ಉಳಿಸಿಕೊಳ್ಳುತ್ತವೆ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ವಿಂಡೋಸಿನಲ್ಲಿ ಮತ್ತೊಮ್ಮೆ ಪೇರ್ ಮಾಡಿದರೆ ಟಚ್‌ಪ್ಯಾಡ್ ಹಳೆಯ ಕೀಲಿಯನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ, ಏಕೆಂದರೆ ಅದರ ಕಣ್ಣಿಗೆ ಎರಡೂ ಒಂದೇ ವಿಳಾಸದ ಒಂದೇ ಕಂಪ್ಯೂಟರ್. ಲಿನಕ್ಸಿಗೆ ಮರಳಿದಾಗ ಅಲ್ಲಿರುವ ಕೀಲಿ ಹೊಂದುವುದಿಲ್ಲ. ಡೆಸ್ಕ್‌ಟಾಪಿನ ಪಟ್ಟಿಯಲ್ಲಿ ಟಚ್‌ಪ್ಯಾಡಿನ ಹೆಸರು ಪೇರ್ ಆಗಿದೆ ಎಂಬ ಗುರುತಿನೊಂದಿಗೆ ಹಾಗೆಯೇ ಇರುತ್ತದೆ. ಸಂಪರ್ಕ ಮಾತ್ರ ಬೆಸೆಯುವುದಿಲ್ಲ.

ನಿನ್ನೆವರೆಗೆ ನಡೆಯುತ್ತಿದ್ದದ್ದು ಇಂದು ನಿಂತಿತು ಎಂಬ ದೂರುಗಳ ಹಿಂದೆ ಅನೇಕ ವೇಳೆ ಒಳ್ಳೆಯ ಉದ್ದೇಶದ ಒಂದು ಬದಲಾವಣೆ ಇರುತ್ತದೆ. ವಿದ್ಯುತ್ ಉಳಿತಾಯ ಅದರಲ್ಲಿ ಮೊದಲನೆಯದು. 2007ರಲ್ಲಿ ಕರ್ನಲ್‌ಗೆ ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ನಿದ್ದೆಗೆ ಕಳಿಸುವ ಶಕ್ತಿ ಬಂತು. ಎರಡು ಸೆಕೆಂಡು ಸುಮ್ಮನಿದ್ದರೆ ಸಾಕು ಎಂಬುದು ಅದರ ಮೂಲ ಲೆಕ್ಕ. ಅದೇ ವರ್ಷ ಇಂಟೆಲ್ ಪವರ್‌ಟಾಪ್ ಎಂಬ ಉಪಕರಣ ಹೊರತಂದಿತು. ಅನೇಕ ಸಾಧನಗಳು ನಿದ್ದೆಯಿಂದ ಸರಿಯಾಗಿ ಏಳುವುದಿಲ್ಲವೆಂದು ಕಂಡ ಕರ್ನಲ್ ಬರೆಯುವವರು ಹಬ್ ಬಿಟ್ಟು ಉಳಿದವಕ್ಕೆ ಈ ಸೌಲಭ್ಯವನ್ನು ತಾವಾಗಿ ಚಾಲೂ ಮಾಡಲಿಲ್ಲ. ಆದರೆ ಪವರ್‌ಟಾಪಿನಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಉಳಿತಾಯಕ್ಕೆ ಹಾಕುವ ಆಜ್ಞೆಯಿದೆ. ಅದನ್ನು ಓಡಿಸಿ ಮರೆತವರ ರಿಸೀವರ್ ನಿದ್ದೆ ಹೋಗಿ, ಗುಂಡಿ ಒತ್ತುವವರೆಗೆ ಏಳದೆ ಉಳಿಯಬಹುದು. 2018ರ ಫೆಡೋರಾ 28ರಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯ ಆಯುಷ್ಯ ಹೆಚ್ಚಿಸಲು ಬ್ಲೂಟೂತ್ ಅಡಾಪ್ಟರಿಗೂ ಈ ನಿದ್ದೆ ಸಹಜವಾಯಿತು. ಇನ್ನೊಂದು ಭದ್ರತೆ. 2016ರಲ್ಲಿ ಬಾಸ್ಟಿಲ್ ಸಂಸ್ಥೆಯ ಮಾರ್ಕ್ ನ್ಯೂಲಿನ್, ಬ್ಲೂಟೂತ್ ಅಲ್ಲದ ಹಲವು ಕಂಪನಿಗಳ ವೈರ್‌ಲೆಸ್ ರಿಸೀವರ್‌ಗಳಿಗೆ ದೂರದಿಂದಲೇ ಸುಳ್ಳು ಕೀಲಿಯೊತ್ತು ಕಳಿಸಬಹುದೆಂದು ತೋರಿಸಿದರು. ಈ ರಂಧ್ರ ಮುಚ್ಚಲು ರಿಸೀವರಿನ ಫರ್ಮ್‌ವೇರ್ ಬದಲಿಸುವುದನ್ನು ಲಿನಕ್ಸಿನೊಳಗಿಂದಲೇ ಸಾಧ್ಯವಾಗಿಸಲು ರಿಚರ್ಡ್ ಹ್ಯೂಸ್ ಲಾಜಿಟೆಕ್ ಸಹಕಾರದಿಂದ ದುಡಿದರು. ಅದೇ ನ್ಯೂಲಿನ್ 2023ರಲ್ಲಿ ಬ್ಲೂಟೂತ್ ಕೀಬೋರ್ಡಿನ ಹೆಸರಿನಲ್ಲಿ ನುಸುಳುವ ಇನ್ನೊಂದು ರಂಧ್ರ ತೋರಿಸಿದರು. ಅದನ್ನು ಮುಚ್ಚಲು ಬ್ಲೂಝೀ, ಕೀಲಿ ಉಳಿಸಿಕೊಂಡ ಸಾಧನಗಳಿಗೆ ಮಾತ್ರ ಬಾಗಿಲು ತೆರೆಯುವ ನಿಯಮವನ್ನು ಸಹಜವಾಗಿಸಿತು. ಆ ಅಪ್‌ಡೇಟಿನ ನಂತರ, ಕೀಲಿ ಉಳಿಸಿಕೊಳ್ಳದ ಕೆಲವು ಹಳೆಯ ಗೇಮ್ ಕಂಟ್ರೋಲರುಗಳು ಸೇರಿಕೊಳ್ಳದಾದವು. ಎರಡೂ ಬದಲಾವಣೆಗಳಿಗೆ ಸರಿಯಾದ ಕಾರಣವಿತ್ತು. ಸಾಧನ ಕಳೆದುಕೊಂಡವರಿಗೆ ಆ ಕಾರಣವನ್ನು ತೆರೆಯ ಮೇಲೆ ಯಾರೂ ಹೇಳಲಿಲ್ಲ.

ಇದಕ್ಕೆಲ್ಲ ಮೂಲ ಕಂಪನಿಗಳೇ, ಅವು ಲಿನಕ್ಸಿಗೆ ಡ್ರೈವರ್ ಬರೆಯದಿರುವುದೇ ರೋಗದ ಬೇರು ಎಂಬ ಆಕ್ಷೇಪ ಬಹಳ ಹಳೆಯದು. ಆಲ್ಪ್ಸ್‌ನಂಥ ಉದಾಹರಣೆಗಳಲ್ಲಿ ಇದು ನಿಜ. ಆದರೆ 2007ರಲ್ಲಿ ಕರ್ನಲ್ ಬರೆಯುವವರಲ್ಲಿ ಒಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್, ಸಾಧನದ ವಿವರ ಕೊಡಿ, ಡ್ರೈವರನ್ನು ಪುಕ್ಕಟೆ ಬರೆದುಕೊಡುತ್ತೇವೆ ಎಂದು ಕಂಪನಿಗಳನ್ನು ಬಹಿರಂಗವಾಗಿ ಕರೆದಾಗ, ಬರೆಯಲು ಮುಂದೆ ಬಂದವರ ಸಂಖ್ಯೆಯೇ ಡ್ರೈವರ್ ಬೇಕೆಂದ ಕಂಪನಿಗಳಿಗಿಂತ ಬಹಳ ಹೆಚ್ಚಾಯಿತು. ಯೂನಿಫೈಯಿಂಗ್ ವಿಷಯದಲ್ಲಂತೂ ಕಂಪನಿಯ ಇಂಜಿನಿಯರೇ ಕೋಡ್ ಬರೆದರು, ಒಳಭಾಷೆಯ ದಾಖಲೆಗಳೂ ಹೊರಬಂದವು. ಇದಕ್ಕಿಂತ ಹೆಚ್ಚಿನ ಸಹಕಾರ ಕೇಳುವುದು ಕಷ್ಟ. ಆದರೂ ಅದೇ ಟಚ್‌ಪ್ಯಾಡ್ ನಿಂತಾಗ ತೆರೆ ಮೌನವಾಗಿಯೇ ಇರುತ್ತದೆ. ಕೊರತೆ ಡ್ರೈವರಿನದ್ದಾಗಿದ್ದರೆ ಡ್ರೈವರ್ ಬಂದ ಮೇಲೆ ಮೌನ ಮುರಿಯಬೇಕಿತ್ತು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮೌನ ಎಂಬುದು ಅತಿಶಯೋಕ್ತಿ, ಎಲ್ಲವೂ ಲಾಗ್‌ನಲ್ಲಿದೆ, ನೋಡಲು ಬಾರದವರು ಮೌನ ಎನ್ನುತ್ತಾರೆ ಎಂಬುದು ಅದು. ಲಾಗ್ ಇದೆ ಎಂಬುದು ಸರಿ. ಕರ್ನಲ್‌ನ ಸಂದೇಶಗಳು ಒಂದು ಕಡೆ, ಬ್ಲೂಟೂತ್ ಸೇವೆಯದು ಇನ್ನೊಂದು ಹೆಸರಿನಲ್ಲಿ. ಲಿಬ್‌ಇನ್‌ಪುಟ್‌ಗೆ ಬರುತ್ತಿರುವ ಸ್ಪರ್ಶವನ್ನು ನೋಡಬೇಕಾದರೆ ರೂಟ್ ಅಧಿಕಾರದಲ್ಲಿ ಅದರದ್ದೇ ಆಜ್ಞೆ ಓಡಿಸಬೇಕು. ಡೆಸ್ಕ್‌ಟಾಪಿನ ತೀರ್ಮಾನ ಇನ್ನೆಲ್ಲೋ. ಅನುಭವಿಗಳು ಮಾಡುವುದೂ ಇದನ್ನೇ: ಮೊದಲು ಬ್ಯಾಟರಿ ಮತ್ತು ಸ್ವಿಚ್, ಆಮೇಲೆ ರಿಸೀವರ್ ಯುಎಸ್‌ಬಿ ಪಟ್ಟಿಯಲ್ಲಿದೆಯೇ, ಅದಕ್ಕೆ ಟಚ್‌ಪ್ಯಾಡ್ ಸೇರಿದೆಯೇ, ಕರ್ನಲ್ ಅದಕ್ಕೊಂದು ಇನ್‌ಪುಟ್ ಕಡತ ಕೊಟ್ಟಿದೆಯೇ, ಆ ಕಡತದಲ್ಲಿ ಬೆರಳಿಟ್ಟಾಗ ಏನಾದರೂ ಹರಿಯುತ್ತಿದೆಯೇ, ಹರಿದದ್ದು ಲಿಬ್‌ಇನ್‌ಪುಟ್ ತಲುಪಿತೇ, ಅಲ್ಲಿಂದ ಮುಂದೆ ಡೆಸ್ಕ್‌ಟಾಪ್ ಅದನ್ನು ತಡೆದಿದೆಯೇ. ಈ ಒಂದೊಂದು ಮೆಟ್ಟಿಲೂ ಮೇಲೆ ಹೇಳಿದ ಚರಿತ್ರೆಯ ಒಂದೊಂದು ಪದರ. ಕಟ್ಟಿದವರು ಬೇರೆ, ವರ್ಷ ಬೇರೆ, ಬರೆಯುವ ಜಾಗ ಬೇರೆ. ಹಳೆಯ ಎಕ್ಸ್ ಸರ್ವರಿನ ಒಂದು ಸಾಲು ಹೇಳುತ್ತಿದ್ದುದನ್ನು ಈಗ ಆರೇಳು ಜಾಗಗಳಿಂದ ಆರಿಸಿ ಕೂಡಿಸಬೇಕು. ಅದೂ ಮೌಸ್ ಆಡದ ತೆರೆಯಲ್ಲಿ, ಕೀಬೋರ್ಡಿನಿಂದಲೇ. ಲಾಗ್ ಇರುವುದಕ್ಕೂ ದೋಷ ತನ್ನ ಬಗ್ಗೆ ಹೇಳಿಕೊಳ್ಳುವುದಕ್ಕೂ ಇರುವ ಅಂತರ ಇಷ್ಟು.

ಕೆಲವು ಕಾರಣಗಳು ಯಾವ ಲಾಗ್‌ಗೂ ಸಿಗುವುದಿಲ್ಲ ಎಂಬುದನ್ನು ಒಪ್ಪಲೇಬೇಕು. 2012ರ ಏಪ್ರಿಲಿನಲ್ಲಿ ಇಂಟೆಲ್ ಒಂದು ತಾಂತ್ರಿಕ ಬರಹ ಹೊರಡಿಸಿತು. ಯುಎಸ್‌ಬಿ 3.0 ತಂತಿಯಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುವ ಸಂಕೇತ ಅಗಲವಾದ ಪಟ್ಟಿಯಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತದೆ, ಆ ಗದ್ದಲ 2.4 ಗಿಗಾಹರ್ಟ್ಸ್‌ನ ಮೇಲೇ ಬೀಳುತ್ತದೆ ಎಂದು ಅದರಲ್ಲಿ ಅಳೆದು ತೋರಿಸಿದ್ದರು. ಹತ್ತಿರದಲ್ಲಿ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಸೇರಿಸಿದಾಗ ಗದ್ದಲದ ಮಟ್ಟ ಸುಮಾರು 20 ಡೆಸಿಬೆಲ್ ಏರಿತ್ತು. ಅಂದರೆ ನೂರು ಪಟ್ಟು. ಡೆಸ್ಕ್‌ಟಾಪ್ ಪೆಟ್ಟಿಗೆಯ ಹಿಂಭಾಗದಲ್ಲಿ, ಬ್ಯಾಕಪ್ ಡಿಸ್ಕಿನ ಪಕ್ಕದ ತೂತಿನಲ್ಲಿ ರಿಸೀವರ್ ಸಿಕ್ಕಿಸಿಟ್ಟರೆ, ಬ್ಯಾಕಪ್ ಓಡುವಾಗ ಮಾತ್ರ ಟಚ್‌ಪ್ಯಾಡ್ ತಡವರಿಸಿ ನಿಲ್ಲುವ ವಿಚಿತ್ರಕ್ಕೆ ಇದು ವಿವರಣೆ. ಮದ್ದು ಒಂದು ಅಗ್ಗದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್, ರಿಸೀವರನ್ನು ಮೇಜಿನ ಮೇಲೆ ತರುವಷ್ಟು ಉದ್ದದ್ದು. ವಿಂಡೋಸ್ ಹಾಕಿದರೂ ಇದೇ ಆಗುತ್ತದೆ. ಲಿನಕ್ಸಿನ ಮೇಲೆ ಹೊರಿಸುವ ಆರೋಪಗಳಲ್ಲಿ ಇಂಥವೂ ಇರುತ್ತವೆ.

ಉಳಿದ ಆಕ್ಷೇಪ ವಿನ್ಯಾಸದ್ದು: ಮೌನವೇ ಸೌಕರ್ಯ, ರೇಡಿಯೋ ಸಂಪರ್ಕ ಕ್ಷಣ ತಪ್ಪಿದಾಗಲೆಲ್ಲ ಎಚ್ಚರಿಕೆ ಮೇಲೆದ್ದರೆ ಯಾರು ಸಹಿಸುತ್ತಾರೆ, ಅದೂ ಅಲ್ಲದೆ ರೇಡಿಯೋ ತುದಿಯಲ್ಲಿ ಏನಾಗಿದೆಯೆಂದು ಕಂಪ್ಯೂಟರಿಗೆ ತಿಳಿಯುವುದಾದರೂ ಹೇಗೆ. ಬ್ಯಾಟರಿಯ ಉದಾಹರಣೆ ಇದಕ್ಕೆ ಉತ್ತರ. ಕೆಲವು ವರ್ಷಗಳಿಂದ ಕರ್ನಲ್ ಈ ಸಾಧನಗಳ ಚಾರ್ಜ್ ಓದಿ ಮೇಲಕ್ಕೆ ಕಳಿಸುತ್ತದೆ, ಡೆಸ್ಕ್‌ಟಾಪ್ ಮೌಸ್‌ನ ಬ್ಯಾಟರಿ ಕಡಿಮೆಯಿದೆ ಎಂದು ಹೇಳುತ್ತದೆ, ಯಾರೂ ಬೇಸರಪಟ್ಟಿಲ್ಲ. ಸಂಪರ್ಕದ ವಿಷಯದಲ್ಲೂ ಮಾಹಿತಿಗೆ ಬರವಿಲ್ಲ. ಟಚ್‌ಪ್ಯಾಡ್ ಕೈಗೆ ಸಿಗದಾದಾಗ ಯೂನಿಫೈಯಿಂಗ್ ರಿಸೀವರ್ ಸಂಪರ್ಕ ಕಡಿದಿದೆ ಎಂಬ ಸೂಚನೆಯನ್ನು ಕರ್ನಲ್‌ಗೆ ಕಳಿಸುತ್ತದೆ. 3.2ರಲ್ಲಿ ಸೇರಿದ ಡ್ರೈವರ್ ಅದನ್ನು ಓದುತ್ತದೆ, ಮತ್ತು ಆ ಸಾಧನದ ಹೆಸರಿನಲ್ಲಿ ಒಂದು ಖಾಲಿ ವರದಿಯನ್ನು ಮೇಲಕ್ಕೆ ಕಳಿಸುತ್ತದೆ. ಸಂಪರ್ಕ ತಪ್ಪಿದ ಗಳಿಗೆಯಲ್ಲಿ ಯಾವುದಾದರೂ ಕೀಲಿ ಒತ್ತಿದ್ದರೆ ಅದು ಒತ್ತಿದಂತೆಯೇ ಉಳಿದು ತೆರೆಯ ತುಂಬ ಒಂದೇ ಅಕ್ಷರ ಸುರಿಯಬಾರದು ಎಂಬ ಮುನ್ನೆಚ್ಚರಿಕೆ ಅದು. ಸೋಲಾರ್ ಎಂಬ ಸ್ವತಂತ್ರ ಉಪಕರಣ ಹಾಕಿಕೊಂಡವರಿಗೆ ಅದೇ ಸಾಧನದ ಪಕ್ಕ ಆಫ್‌ಲೈನ್ ಎಂದು ಕಾಣುತ್ತದೆ. ಉಳಿದವರ ತೆರೆಗೆ ಆ ಸೂಚನೆಯಿಂದ ತಲುಪುವುದು ಖಾಲಿ ವರದಿಯೊಂದೇ.